ದೋಸ್ತ, ಆ ಮೂರು ಸಾವಿರ ಮುಟ್ಟೇತಿಲ್ಲೋ?

ದೋಸ್ತ,

ಮುಂಜಾನೆ ನಿನ್ನ ಫೋನ್‌ಪೇಗೆ ಮೂರು ಸಾವಿರ ಹಾಕೀನಿ, ಇದ್ಯಾವ ರೊಕ್ಕಲೇ ಅಂತ ನೀ ಫೋನ್ ಮಾಡೂದ್ರಾಗ ನಾನ ಹೇಳಿಬಿಡ್ತೀನಿ. ಅವ್ವನ್ನ ದವಾಖಾನಿಗೆ ಹಾಕೀವಿ ಅಂತ ಇಸ್ಕೊಂಡಿದ್ನಲ್ಲ, ಅದು. ಅವ್ವಗ ಏನೂ ಆಗಿರ್ಲಿಲ್ಲ. ಕುಡದು ಹಾಳ ಮಾಡ್ದೆ.

ಬೆಟಗೇರಿ ಚರ್ಚ್‌ನ್ಯಾಗ ಬೆಳದಾಂವ ನಾನು, ಆದ್ರ ಅವಾಗ ಚರ್ಚ್ ಅಂದ್ರ ಕ್ರಿಸ್ಮಸ್ಸಿಗೆ ಹೊಸಾ ಅಂಗಿ, ಅಷ್ಟ. ಇಲ್ಲಿ ಪುಣೆ ಹಡಪ್ಸರದಾಗ ನಮ್ಮ ಕನ್ನಡದವ್ರು ಬಾಡಿಗಿ ಹಾಲ್‌ನ್ಯಾಗ ಐತವಾರ ಕೂಡ್ತಾರ, ಗೌಂಡಿಗಳು, ಮನಿಗೆಲಸದ ಹೆಣ್ಮಕ್ಕಳು, ಇಬ್ರು ಐಟಿಯವ್ರು, ಅಲ್ಲೆ ಪಾಸ್ಟರ್ ಒಮ್ಮೆ ಬೈಬಲ್‌ನ್ಯಾಗಿನ ಸುಂಕ ವಸೂಲಿ ಮಾಡೋ ಜಕ್ಕಾಯನ ಕಥಿ ಹೇಳಿದ್ರು, ಯೇಸು ಅವನ ಮನಿಗೆ ಹೋದ ಮ್ಯಾಲ ಮೋಸ ಮಾಡಿ ತಗೊಂಡಿದ್ದನ್ನ ನಾಕ್ ಪಟ್ಟು ಹೊಳ್ಳಿ ಕೊಡ್ತೀನಿ ಅಂದ್ನಲ್ಲ, ನನಗ ಸೀದಾ ನಿನ್ನ ಮಾರಿ ನೆನಪಾತು. (ನೀ ನಾಕ್ ಪಟ್ಟು ಕೇಳಬ್ಯಾಡ ಮತ್ತ.)

ಕುಡಿಯೂದು ಒಂದ ಪ್ರಾರ್ಥನಿಗೆ ಬಿಡ್ಲಿಲ್ಲಪಾ. ಶನಿವಾರ ಬಟವಡಿ ಆದ ಕೂಡ್ಲೆ ಸಭಾದ ಇಬ್ರು ಹಿರ್ಯಾರು ಬಂದು ರಾತ್ರಿ ಹತ್ತರ ತನಕ ನಮ್ಮನ್ಯಾಗ ಚಾ ಕುಡಕೋತ ಕೂಡ್ತಿದ್ರು, ಉಪದೇಶ ಇಲ್ಲ ಏನಿಲ್ಲ, ಆರು ತಿಂಗಳು! ಎಲ್ಲಾ ಸಭಾ ಹಿಂಗ ಇರ್ತಾವಂತ ಅಲ್ಲ, ಜಾತಿ ನೋಡಿ ಹೆಣ್ಣು ಕೊಡೂದು ನಮ್ಮಾಗೂ ಐತಿ.

ಹೋದ ತಿಂಗಳು ದೌಂಡ್ ಲೈನಿನ ಟ್ರೇನ್ ಹತ್ತಿ ಕೇಡಗಾಂವಕ್ಕ ಹೋಗಿದ್ವಿ, ದಿಕ್ಕಿಲ್ಲದ ಹೆಣ್ಮಕ್ಕಳಿಗೆ ಆಸರಾ ಕೊಡಾಕ ಪಂಡಿತಾ ರಮಾಬಾಯಿಯವರು ಕಟ್ಟಿದ ಮುಕ್ತಿ ಮಿಷನ್ ಅಲ್ಲೈತಿ. ಆಕಿ ಹುಟ್ಟಿದ್ದು 1858ರಾಗ ನಮ್ಮ ಕರ್ನಾಟಕದ ಘಟ್ಟದಾಗ, ಗಂಗಾಮೂಲದಾಗ. ಅಪ್ಪ-ಅವ್ವ ಬರಗಾಲದಾಗ ಹಸದ ಸತ್ರು, ಮದ್ವಿಯಾಗಿ ಎರಡು ವರ್ಷಕ್ಕ ಗಂಡನೂ ಹೋದ, ಕೈಯಾಗ ಕೂಸು. ಮುಂದ ಇಂಗ್ಲೆಂಡಿಗೆ ಹೋದಾಗ, ದಾರಿ ತಪ್ಪಿದೋರು ಅಂತ ಊರು ದೂರ ಇಟ್ಟ ಹೆಂಗಸರನ್ನ ಅಲ್ಲಿ ಸಿಸ್ಟರ್‌ಗಳು ಪ್ರೀತಿಲೆ ನೋಡ್ಕೊಳ್ಳೂದು ನೋಡಿ ಯಾಕ ಅಂತ ಕೇಳಿದ್ಲು, ಅವ್ರು ಬೈಬಲ್‌ನ್ಯಾಗಿನ ಸಮಾರ್ಯದ ಹೆಂಗಸಿನ ಕಥಿ ಓದಿ ಹೇಳಿದ್ರು, ಮಂದಿ ಕೀಳಾಗಿ ನೋಡ್ತಿದ್ದ ಆಕಿನ್ನ ಯೇಸು ದೂರ ಇಡದ ಮಾತಾಡ್ಸಿದ ಕಥಿ. 1883ರಾಗ ದೀಕ್ಷಾಸ್ನಾನ ತಗೊಂಡ್ಲು. 1896ರ ಬರಗಾಲ ಬಂತು ನೋಡು, ಹಸಿವು ಗೊತ್ತಿದ್ದಾಕಿ, ಮಧ್ಯಪ್ರಾಂತಕ್ಕ ತಾನ ಹೋಗಿ ಹೆಣ್ಮಕ್ಕಳನ್ನ ಕರ್ಕೊಂಬಂದ್ಲು. ಬರೇ ಪ್ರಾರ್ಥನಿಗೆ ಕೂಡಸಲಿಲ್ಲ, ಹೊಲದ ಕೆಲಸ, ನೇಯ್ಗಿ, ಪ್ರೆಸ್ಸು ಎಲ್ಲಾ ಕಲಿಸಿದ್ಲು, ಆಕಿ ಅನುವಾದ ಮಾಡಿದ ಮರಾಠಿ ಬೈಬಲ್ ಛಾಪಿಸಿದ್ದೂ ಅದ ಹೆಣ್ಮಕ್ಕಳು. ಬೆಟಗೇರಿಯಾಂವಗ ಮಗ್ಗದ ಬೆಲಿ ನಾ ಹೇಳಬೇಕಾ?

ದೀಪಾವಳಿ ಸೂಟಿಗೆ ಬಾ, ಕೇಡಗಾಂವಕ್ಕ ಹೋಗಿ ಬರೂನು. ಅಲ್ಲೀ ತನಕ ಅವ್ವನ ಮುಂದ ದವಾಖಾನಿ ವಿಷಯ ತಗೀಬ್ಯಾಡ, ಆಕಿಗೆ ನಾನ ಹೇಳ್ತೀನಿ.