ಆಶ್ಲೇಷ ಮಳೆಗೆ ಮೊದಲೇ ತಯಾರಾಗೋಣ: ಗ್ರಾಮ ಪಂಚಾಯಿತಿಗೆ ಗುಡ್ಡದ ಕೆಳಗಿನ ನಿವಾಸಿಗಳ ಮನವಿ

ಗೆ,
ಮಾನ್ಯ ಅಧ್ಯಕ್ಷರು ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು,
ಗ್ರಾಮ ಪಂಚಾಯಿತಿ ಕಚೇರಿ,
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ.

ಇಂದ,
ಗುಡ್ಡದ ಕೆಳಗಿನ ಕೇರಿ, ಹಳ್ಳದ ಬದಿ ಮತ್ತು ತೋಟದ ಲೈನ್‌ಮನೆಗಳ (ಕಾರ್ಮಿಕರ ಸಾಲುಮನೆಗಳ) ನಿವಾಸಿಗಳು.

ವಿಷಯ: ಧರೆ ಕುಸಿತ ಮತ್ತು ಹಳ್ಳದ ನೆರೆ ಎದುರಿಸಲು ಮಳೆಗಾಲಕ್ಕೆ ಮೊದಲೇ ಪಂಚಾಯಿತಿ ಮಟ್ಟದಲ್ಲಿ ತಯಾರಿ ಮಾಡಿಕೊಳ್ಳುವ ಬಗ್ಗೆ.

ಮಾನ್ಯರೇ,

ಈ ಸಲ ನಾವು ಪರಿಹಾರ ಕೇಳಲು ಬಂದಿಲ್ಲ. ನಮ್ಮ ಬೇಡಿಕೆ ಮುಖ್ಯವಾಗಿ ಒಂದೇ. ಎಷ್ಟು ಮಳೆ ಬಿದ್ದರೆ, ಯಾವ ಮನೆಯವರು, ಯಾರ ಮಾತಿನ ಮೇಲೆ, ಎಲ್ಲಿಗೆ ಹೋಗಬೇಕು ಎಂಬುದು ಬಿಸಿಲಿರುವಾಗಲೇ ತೀರ್ಮಾನವಾಗಬೇಕು. ಅದು ಕಾಗದದ ಮೇಲೆ ಇರಬೇಕು, ಪ್ರತಿ ಮನೆಗೂ ಗೊತ್ತಿರಬೇಕು. ಉಳಿದ ಬೇಡಿಕೆಗಳೆಲ್ಲ ಇದಕ್ಕೇ ಸೇರಿಕೊಂಡು ಬರುವಂಥವು.

ಹಳೆಯದನ್ನು ಜಾಸ್ತಿ ಕೆದಕುವುದಿಲ್ಲ. 2019ರ ಆಗಸ್ಟ್‌ನಲ್ಲಿ ಆಶ್ಲೇಷ ಮಳೆ ಹಿಡಿದಾಗ ನಮ್ಮ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದು ಮನೆ, ತೋಟ ಹಾಳಾದದ್ದು ತಮಗೂ ಗೊತ್ತು. ಚಾರ್ಮಾಡಿ ಘಾಟಿ ಹಲವು ಕಡೆ ಕುಸಿದು ಸಂಚಾರ ನಿಂತಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿಕೊಂಡಿರುವ ನಮಗೆ ಅದು ಬರೀ ರಸ್ತೆಯ ವಿಷಯ ಆಗಿರಲಿಲ್ಲ. ಆಮೇಲೆ 2024ರ ಜುಲೈ. ಆ ಒಂದೇ ತಿಂಗಳಲ್ಲಿ 16ರಂದು ಉತ್ತರ ಕನ್ನಡದ ಶಿರೂರಿನಲ್ಲಿ, 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಬಂತು. ಪಕ್ಕದ ಸಕಲೇಶಪುರ ಕಡೆ ದೋಣಿಗಾಲ್‌ನಲ್ಲಿ ಹೆದ್ದಾರಿಯೂ ಎಡಕುಮೇರಿ ಬಳಿ ರೈಲು ಹಳಿಯೂ ಕುಸಿದವು. ವಯನಾಡಿನಲ್ಲಿ ಗುಡ್ಡ ಬಂದಾಗ ಜನ ಮಲಗಿದ್ದರು. ನಾವು ಮಲಗುವುದೂ ಅದೇ ಪಶ್ಚಿಮ ಘಟ್ಟದ ಸಾಲಿನ ಕೆಳಗೆ.

ಮೊದಲು ಮಳೆಯ ಲೆಕ್ಕದ ವಿಷಯ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿಗಳಲ್ಲಿ ತಾನಾಗಿಯೇ ಮಳೆ ಅಳೆದು ಕಳಿಸುವ ಯಂತ್ರ ಕೂರಿಸಿದ್ದಾರೆ. ಕಾಲು ಗಂಟೆಗೊಮ್ಮೆ ಲೆಕ್ಕ ಬೆಂಗಳೂರಿಗೆ ಹೋಗುತ್ತದೆ. ನಮ್ಮ ತಲೆಯ ಮೇಲೆ ಎಷ್ಟು ಮಳೆ ಬಿತ್ತು ಎಂಬುದು ಬೆಂಗಳೂರಿಗೆ ಗೊತ್ತು, ನಮಗೆ ಗೊತ್ತಿಲ್ಲ. ವಿಚಿತ್ರ ಅಲ್ವಾ? ಈ ಲೆಕ್ಕ ಜೂನ್‌ನಿಂದ ಸೆಪ್ಟೆಂಬರ್ ತನಕ ದಿನಕ್ಕೆ ಎರಡು ಸಲ, ಮಳೆ ಜೋರಾದಾಗ ಮೂರು ಗಂಟೆಗೊಮ್ಮೆ, ವಾರ್ಡ್‌ಗಳ ವಾಟ್ಸಾಪ್ ಗುಂಪಿಗೆ ಬರಲಿ. ಕಚೇರಿ ಮುಂದಿನ ಹಲಗೆಯ ಮೇಲೂ ಬರೆಯಲಿ.

ಆದರೆ ಕಚೇರಿ ಇರುವುದು ಕೆಳಗೆ ಬಯಲಿನಲ್ಲಿ. ಗುಡ್ಡದ ನೆತ್ತಿಯ ಮಳೆಯೇ ಬೇರೆ. ಅದಕ್ಕೂ ದಾರಿ ನಮ್ಮಲ್ಲೇ ಇದೆ. ಕಾಫಿ ತೋಟಗಳಲ್ಲಿ ದಿನಾ ಬೆಳಿಗ್ಗೆ ಮಳೆ ಅಳೆದು ಪುಸ್ತಕದಲ್ಲಿ ಬರೆಯುವ ರೂಢಿ ಅಜ್ಜಂದಿರ ಕಾಲದ್ದು. ಮಾರ್ಚ್‌ನಲ್ಲಿ ಹೂಮಳೆ ಬಂದರೆ ‘ನಿಮ್ಮಲ್ಲಿ ಎಷ್ಟು ಸೆಂಟ್?’ (ನೂರು ಸೆಂಟ್ ಎಂದರೆ ಒಂದು ಇಂಚು ಮಳೆ) ಎಂದು ಊರೆಲ್ಲ ಫೋನ್ ಮಾಡಿ ಕೇಳುವ ನಾವು, ಆಗಸ್ಟ್‌ನಲ್ಲಿ ಅದೇ ಪ್ರಶ್ನೆ ಕೇಳುವುದಿಲ್ಲ. ಮೇಲಿನ ತೋಟಗಳಲ್ಲಿ ಲೆಕ್ಕ ಬರೆಯುವ ರೈಟರ್‌ಗಳು ತಮ್ಮ ಲೆಕ್ಕವನ್ನು ಪಂಚಾಯಿತಿಗೆ ತಿಳಿಸುವ ವ್ಯವಸ್ಥೆ ಮಾಡಿ. ಪಂಚಾಯಿತಿಯಿಂದ ಒಂದು ಪತ್ರ ಹೋದರೆ ಸಾಕು, ತೋಟದ ಮಾಲೀಕರು ಇಲ್ಲ ಅನ್ನಲಾರರು. ಅವರ ಆಳುಗಳೂ ಇದೇ ಗುಡ್ಡದ ಕೆಳಗೆ ಇದ್ದಾರೆ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.5 ದಾಟಿದರೆ ಅದಕ್ಕಿಂತ ಮೇಲಿನದು. ತೋಟದ ಭಾಷೆಯಲ್ಲಿ ಹೇಳುವುದಾದರೆ ಹೆಚ್ಚುಕಡಿಮೆ ಎರಡೂವರೆ, ನಾಲ್ಕೂವರೆ, ಎಂಟು ಇಂಚು. ಹಳದಿ, ಆರೆಂಜ್, ರೆಡ್ ಅಲರ್ಟ್ ಸಾಮಾನ್ಯವಾಗಿ ಜಿಲ್ಲೆಗೆಲ್ಲ ಒಂದೇ ಬರುತ್ತದೆ. ಬಯಲಿನ ಕಡೂರಿಗೂ ಘಾಟಿಯ ಕೊಟ್ಟಿಗೆಹಾರಕ್ಕೂ ಒಂದೇ ಬಣ್ಣ ಎಂದರೆ ನಮ್ಮ ಕೇರಿಯವರು ಮನೆ ಬಿಡಬೇಕೋ ಬೇಡವೋ ಹೇಗೆ ತಿಳಿಯಬೇಕು? ಸ್ವಂತ ಮಳೆಯ ಲೆಕ್ಕ ಕೇಳುತ್ತಿರುವುದು ಇದಕ್ಕೇ.

ಮನೆ ಬಿಡಬೇಕಾದ ಅಂಕಿ ಯಾವುದು ಎಂದು ನಿಗದಿ ಮಾಡುವಷ್ಟು ತಿಳಿವಳಿಕೆ ನಮಗಿಲ್ಲ. ಅದನ್ನು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಮೂಲಕ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರನ್ನು ಕರೆಸಿ, ನಮ್ಮ ಗುಡ್ಡ ತೋರಿಸಿ ಕೇಳಿ. ಅಲ್ಲಿಯತನಕ ಸುಮ್ನೆ ಕೂರುವುದು ಬೇಡ. ಒಂದು ದಿನದಲ್ಲಿ ನಾಲ್ಕೂವರೆ ಇಂಚು ದಾಟಿದರೆ ಎಲ್ಲರೂ ಗಂಟುಮೂಟೆ ಕಟ್ಟಿ ತಯಾರಿರುವುದು, ಮಳೆ ಬಿಡದೆ ಎಂಟರ ಹತ್ತಿರ ಹೋಗುತ್ತಿದ್ದರೆ ಗುಡ್ಡದ ಬುಡದ ಮನೆಗಳು ಖಾಲಿಯಾಗುವುದು ಎಂದು ಈ ವರ್ಷಕ್ಕೆ ಇಟ್ಟುಕೊಳ್ಳೋಣ. ಮೂರು ನಾಲ್ಕು ದಿನದಿಂದ ಮಣ್ಣು ನೀರು ಕುಡಿದು ತುಂಬಿದ್ದರೆ ಇಷ್ಟೂ ಬೇಕಿಲ್ಲ, ಕಡಿಮೆಯೇ ಸಾಕು. ಗೋಡೆ ಅಥವಾ ಅಂಗಳದಲ್ಲಿ ಹೊಸ ಬಿರುಕು, ನೆಟ್ಟಗಿದ್ದ ಮರ ವಾಲುವುದು, ಇಲ್ಲದ ಕಡೆ ಒರತೆ ಎದ್ದು ಕೆಸರು ನೀರು ಬರುವುದು, ಜೋರು ಮಳೆಯಲ್ಲೇ ಹಳ್ಳದ ನೀರು ಇದ್ದಕ್ಕಿದ್ದಂತೆ ತಗ್ಗುವುದು, ಇವು ಕಂಡರೆ ಯಾವ ಅಂಕಿಗೂ ಕಾಯಬಾರದು. ಕೊನೆಯದಂತೂ ಬಹಳ ಅಪಾಯ. ಮೇಲೆಲ್ಲೋ ಮಣ್ಣು, ಮರ ಬಿದ್ದು ಹಳ್ಳ ಕಟ್ಟಿಕೊಂಡಿದೆ ಎಂದರ್ಥ, ಅದು ಒಡೆದು ಒಮ್ಮೆಲೇ ಬರುತ್ತದೆ.

ಇನ್ನು ಮನೆ ಬಿಡುವ ವಿಷಯ. ಇದನ್ನು ಸ್ವಲ್ಪ ಸಮಾಧಾನದಿಂದ ಓದಬೇಕೆಂದು ಕೋರುತ್ತೇವೆ. ‘ಹೇಳಿದರೂ ಜನ ಮನೆ ಬಿಟ್ಟು ಬರಲ್ಲ’ ಎಂಬ ದೂರು ಪ್ರತಿ ವರ್ಷ ಕೇಳಿಬರುತ್ತದೆ. ಬರುವುದಿಲ್ಲ, ನಿಜ. ಯಾಕೆ ಎಂದು ಯಾರೂ ಕೇಳುವುದಿಲ್ಲ. ಕೊಟ್ಟಿಗೆಯಲ್ಲಿ ಹಸು ಕಟ್ಟಿ ಹೋಗಲು ಮನಸ್ಸು ಬರುವುದಿಲ್ಲ. ಕಾಳಜಿ ಕೇಂದ್ರದಲ್ಲಿ ಮನುಷ್ಯರಿಗೆ ಜಾಗ ಇರುತ್ತದೆ, ದನಕ್ಕೆ ಇರುವುದಿಲ್ಲ. ಮಳೆಗಾಲದಲ್ಲಿ ಕಾಫಿ ಕಣದ ಶೆಡ್‌ಗಳು ಖಾಲಿ ಇರುತ್ತವೆ. ಸಮತಟ್ಟು ಜಾಗದಲ್ಲಿರುವ ಒಂದೆರಡನ್ನು ಮಾಲೀಕರ ಒಪ್ಪಿಗೆ ಪಡೆದು ದನಗಳಿಗೆ ಗೊತ್ತು ಮಾಡಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಎರಡನೆಯದು ಆನೆ. ರಾತ್ರಿ ಹತ್ತಕ್ಕೆ ಮೈಕ್‌ನಲ್ಲಿ ‘ಹೊರಡಿ’ ಎಂದರೆ ಮಕ್ಕಳು ಮರಿ ಕಟ್ಟಿಕೊಂಡು, ಕರೆಂಟ್ ಇಲ್ಲದ ಹೊತ್ತಲ್ಲಿ, ತೋಟದ ದಾರಿಯಲ್ಲಿ ಆನೆ ಎದುರಾದರೆ? ಆ ಭಯಕ್ಕೆ ಜನ ಬಾಗಿಲು ಹಾಕಿಕೊಂಡು ಒಳಗೇ ಉಳಿಯುತ್ತಾರೆ. ಆದ್ದರಿಂದ ಮನೆ ಖಾಲಿ ಮಾಡಿಸುವ ತೀರ್ಮಾನ ಸಂಜೆ ನಾಲ್ಕರೊಳಗೆ ಆಗಲಿ. ರಾತ್ರಿ ಮಳೆ ಜೋರಾಗುವ ಸೂಚನೆ ಇದ್ದರೆ ಹಗಲೇ ಹೊರಡಿಸಿ. ಮಳೆ ಬರದೆ ಹೋದರೆ ಬೆಳಿಗ್ಗೆ ಬೈದುಕೊಂಡು ವಾಪಸ್ ಬರುತ್ತೇವೆ, ಅದಕ್ಕೇನೂ ಬೇಜಾರಿಲ್ಲ.

ಹೋಗಬೇಕಾದ ಜಾಗದ ಬೀಗದ ಕೈ ಯಾರ ಹತ್ತಿರ ಇದೆ? ಸಣ್ಣ ವಿಷಯ ಅನಿಸಬಹುದು. ಹೋದ ಮಳೆಗಾಲದ ಒಂದು ರಾತ್ರಿ ಜನ ಒಂದು ಕಟ್ಟಡದ ಜಗಲಿಯಲ್ಲಿ ನೆನೆಯುತ್ತ ನಿಂತಿದ್ದರು. ಕೈ ಇದ್ದವರು ಬೇರೆ ಊರಲ್ಲಿದ್ದರು, ಫೋನ್ ನೆಟ್‌ವರ್ಕ್ ಇರಲಿಲ್ಲ. ಯಾರನ್ನೂ ದೂರಲು ಇದನ್ನು ಬರೆಯುತ್ತಿಲ್ಲ. ಕಟ್ಟಡದ ಹತ್ತಿರವೇ ಇರುವ ಇಬ್ಬರ ಮನೆಯಲ್ಲಿ ಒಂದೊಂದು ಕೈ ಇರಲಿ. ಆ ಕಟ್ಟಡದ ಹಿಂದೆಯೇ ಧರೆ (ನೆಟ್ಟಗೆ ನಿಂತ ಮಣ್ಣಿನ ದಿಬ್ಬ) ಇದೆಯಾ ಎಂದು ಕೂಡ ಮೊದಲು ನೋಡಿ. ಒಳಗೆ ನೀರು, ಹೆಂಗಸರಿಗೆ ಬೇರೆ ಶೌಚಾಲಯ, ಒಣ ಸೌದೆ ಅಥವಾ ಗ್ಯಾಸ್, ಎರಡು ದಿನದ ಅಕ್ಕಿ ಬೇಳೆ ಇರಲಿ.

ತೋಟದ ಲೈನ್‌ಮನೆಗಳಲ್ಲಿ ಈಗ ಅಸ್ಸಾಂ ಕಡೆಯಿಂದ ಬಂದ ಕುಟುಂಬಗಳೂ ಇವೆ. ಅವರ ಹೆಸರು ನಮ್ಮ ರೇಷನ್ ಪಟ್ಟಿಯಲ್ಲಿಲ್ಲ, ಮತದಾರರ ಪಟ್ಟಿಯಲ್ಲೂ ಇಲ್ಲ. ಕನ್ನಡದ ಮೈಕ್ ಅವರಿಗೆ ಅರ್ಥವಾಗುವುದಿಲ್ಲ. ಗುಡ್ಡ ಜರಿದರೆ ಮಣ್ಣಿನಡಿ ಎಷ್ಟು ಜನ ಇದ್ದಾರೆಂದು ಹೇಳುವವರೂ ಸಿಗುವುದಿಲ್ಲ. ಜೂನ್ ಮೊದಲ ವಾರ ಆಶಾ ಕಾರ್ಯಕರ್ತೆಯರು ಮತ್ತು ಗ್ರಾಮ ಆಡಳಿತಾಧಿಕಾರಿಗಳು ಸೇರಿ ಲೈನ್‌ಮನೆಗಳ ತಲೆ ಎಣಿಕೆ ಮಾಡಿಸಬೇಕು. ಅದೇ ಸಲ ಊರಿನ ಬಸುರಿಯರು, ಹಾಸಿಗೆ ಹಿಡಿದವರು, ಡಯಾಲಿಸಿಸ್‌ಗೆ ಹೋಗುವವರ ಪಟ್ಟಿಯೂ ಆಗಲಿ. ಘಾಟಿ ರಸ್ತೆ ಬಂದ್ ಆಗುವ ಮೊದಲೇ ಅವರನ್ನು ಪೇಟೆಯ ಹತ್ತಿರದ ನೆಂಟರ ಮನೆಗೆ ಕಳಿಸಲು ಮನೆಯವರಿಗೆ ಹೇಳಬೇಕು.

ಕಾಮಗಾರಿಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಪಟ್ಟಿ ತಮ್ಮಲ್ಲೇ ಇದೆ. ಮೋರಿ, ಚರಂಡಿ ಮೇ ಮುಗಿಯುವುದರೊಳಗೆ ಸ್ವಚ್ಛವಾಗಲಿ. ಮಕ್ಕಳು ಶಾಲೆಗೆ ದಾಟುವ ಕಾಲುಸಂಕದ ಹಲಗೆ ಬದಲಾಗಲಿ. ತಂತಿಯ ಮೇಲೆ ವಾಲಿದ ಮರಗಳ ಕೊಂಬೆ ಕಡಿಸಲು ವಿದ್ಯುತ್ ಕಂಪನಿಗೆ ಬರೆಯಿರಿ. ಎರಡು ಮಾತು ಮಾತ್ರ ಒತ್ತಿ ಹೇಳಬೇಕಿದೆ. ಒಂದು, ಮನೆಗಳ ನೇರಕ್ಕೆ ಮೇಲಿರುವ ಕಡಿದಾದ ಗುಡ್ಡದಲ್ಲಿ ಉದ್ಯೋಗ ಖಾತ್ರಿಯಲ್ಲಾಗಲಿ ಬೇರೆ ಯೋಜನೆಯಲ್ಲಾಗಲಿ ಇಂಗುಗುಂಡಿ ತೋಡಿಸಬೇಡಿ. ಬಯಲುಸೀಮೆಗೆ ಅದು ಒಳ್ಳೆಯದು. ನಮ್ಮಲ್ಲಿ ನೀರು ಒಳಗಿಳಿದು ಮಣ್ಣನ್ನು ಸಡಿಲ ಮಾಡುತ್ತದೆ. ಇಲ್ಲಿ ಆಗಬೇಕಾದದ್ದು ನೀರನ್ನು ಬದಿಯ ಚರಂಡಿಗೆ ತಿರುಗಿಸಿ ಹಳ್ಳಕ್ಕೆ ಬಿಡುವ ಕೆಲಸ. ಎರಡು, ರಸ್ತೆಗೆ, ಮನೆಗೆ, ಹೋಂಸ್ಟೇಗೆ ಎಂದು ಜೆಸಿಬಿ ತಂದು ಗುಡ್ಡದ ಬುಡವನ್ನು ನೆಟ್ಟಗೆ ಕಡಿಯುವುದು. ಬುಡ ಕಡಿದ ಮೇಲೆ ಗುಡ್ಡ ಯಾವುದರ ಮೇಲೆ ನಿಲ್ಲಬೇಕು? ಜೂನ್‌ನಿಂದ ಸೆಪ್ಟೆಂಬರ್ ತನಕ ಮಣ್ಣು ಕಡಿಯುವ ಕೆಲಸಕ್ಕೆ ಪಂಚಾಯಿತಿ ತಡೆ ಹಾಕಬೇಕು. ಈ ತಪ್ಪಿನಲ್ಲಿ ನಮ್ಮವರೂ ಇದ್ದಾರೆ, ತಡೆ ನಮಗೂ ಅನ್ವಯಿಸಲಿ. ಈಗಾಗಲೇ ಕಡಿದಿರುವ ಧರೆಗಳಿಗೆ ಲಾವಂಚ ನೆಡಿಸಬಹುದು. ತಡೆಗೋಡೆ ಕಟ್ಟಿಸುವುದಾದರೆ ಹಿಂದಿನ ನೀರು ಬಸಿದು ಬರಲು ಪೈಪ್ ಇಡಿಸಿ, ಇಲ್ಲದಿದ್ದರೆ ಗೋಡೆ ಸಮೇತ ಬೀಳುತ್ತದೆ.

ಜೆಸಿಬಿ ಎಂದಾಗ ಇನ್ನೊಂದು ನೆನಪಾಯಿತು. ರಸ್ತೆಗೆ ಮಣ್ಣು ಬಿದ್ದ ದಿನ ಮೊದಲು ಓಡಿ ಬರುವವರು ಊರಿನ ಜೆಸಿಬಿಯವರೇ, ಹೊರಗಿನ ತಂಡ ಬರಲು ಹೊತ್ತಾಗುತ್ತದೆ. ಆದರೆ ಹಿಂದಿನ ಬಿಲ್ ಬಾಕಿ ಇಟ್ಟುಕೊಂಡು ನಡುರಾತ್ರಿ ಕರೆದರೆ ಯಾರು ಬರುತ್ತಾರೆ? ಹಳೆಯ ಬಾಕಿ ತೀರಿಸಿ, ಈ ವರ್ಷದ ಗಂಟೆ ದರ ಈಗಲೇ ಬರೆದುಕೊಳ್ಳಿ. ಮರ ಕತ್ತರಿಸುವ ಮಷಿನ್, ಹಗ್ಗ, ಜನರೇಟರ್, ಪಿಕಪ್ ಗಾಡಿ ಯಾವ ತೋಟದಲ್ಲಿ ಎಷ್ಟಿದೆ ಎಂಬ ಪಟ್ಟಿ ನಾವೇ ಮಾಡಿಕೊಡುತ್ತೇವೆ. ಕರೆಂಟ್ ಹೋದರೆ ಮೊಬೈಲ್ ಟವರ್ ಕೂಡ ಬೇಗ ಸಾಯುತ್ತದೆ. ಟವರ್‌ಗಳಿಗೆ ಡೀಸೆಲ್ ಇರುವಂತೆ ತಾಲ್ಲೂಕು ಆಡಳಿತದಿಂದ ಹೇಳಿಸಿ. ಪಂಚಾಯಿತಿಗೆ ಬ್ಯಾಟರಿ ಮೈಕ್ ಒಂದಾದರೂ ಬೇಕು. ದೇವಸ್ಥಾನ, ಮಸೀದಿ, ಚರ್ಚ್‌ಗಳ ಮೈಕ್ ಬಳಸಲು ಆಯಾ ಸಮಿತಿಯವರು ಬಾಯಿಮಾತಿನಲ್ಲಿ ಒಪ್ಪಿದ್ದಾರೆ.

ಮನೆ ಹಾನಿಯ ಬಗ್ಗೆ ಒಂದು ಸಣ್ಣ ಕೋರಿಕೆ. 2019ರಲ್ಲಿ ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಿದಾಗ ಮನೆ ಮೊದಲು ಹೇಗಿತ್ತು ಎಂದು ತೋರಿಸಲು ಹಲವರ ಬಳಿ ಏನೂ ಇರಲಿಲ್ಲ. ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆಯನ್ನು ಸಕ್ರಮ ಮಾಡಿಸಲು 94ಸಿ ಅರ್ಜಿ ಹಾಕಿ ಹಕ್ಕುಪತ್ರಕ್ಕೆ ಕಾಯುತ್ತಿರುವವರ ಪಾಡು ಇನ್ನೂ ಕಷ್ಟ. ಮಳೆಗೆ ಮೊದಲು ಬಿಲ್ ಕಲೆಕ್ಟರ್ ಮೂಲಕ ಅಪಾಯದ ಮನೆಗಳ ಫೋಟೊ ತೆಗೆಸಿ ಕಡತದಲ್ಲಿಡಿ.

ಇದೆಲ್ಲ ಪಂಚಾಯಿತಿ ಕೆಲಸವೇ ಎಂದು ಯಾರಾದರೂ ಕೇಳಬಹುದು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 41ನೇ ಸೆಕ್ಷನ್ ಸ್ಥಳೀಯ ಸಂಸ್ಥೆಯ ಜವಾಬ್ದಾರಿ ಹೇಳುತ್ತದೆ. ಸಿಬ್ಬಂದಿಗೆ ತರಬೇತಿ ಕೊಡುವುದು, ಸಲಕರಣೆಗಳನ್ನು ಬಳಸಲು ಸಿದ್ಧವಾಗಿಟ್ಟುಕೊಳ್ಳುವುದು ಅದರಲ್ಲಿ ಸೇರಿದೆ. ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ನಮ್ಮ ಹುಡುಗ ಹುಡುಗಿಯರಲ್ಲಿ ಹಲವರು ವಿಪತ್ತಿನಲ್ಲಿ ನೆರವಾಗುವ ಸ್ವಯಂಸೇವಕರಿಗೆ ಕೊಡುವ ಆಪದ ಮಿತ್ರ ತರಬೇತಿಗೆ ಹೋಗಲು ತಯಾರಿದ್ದಾರೆ. ಅವರ ಹೆಸರು ಜಿಲ್ಲೆಗೆ ಕಳಿಸಿಕೊಡಿ.

ಮೇ ಮೂರನೇ ವಾರದೊಳಗೆ ಈ ಒಂದೇ ವಿಷಯಕ್ಕೆ ವಿಶೇಷ ಗ್ರಾಮ ಸಭೆ ಕರೆಯಬೇಕೆಂದು ಕೋರುತ್ತೇವೆ. ತಹಶೀಲ್ದಾರ್ ಕಚೇರಿ, ಅರಣ್ಯ, ಲೋಕೋಪಯೋಗಿ, ಆರೋಗ್ಯ, ಪಶುವೈದ್ಯ ಇಲಾಖೆಯವರು ಮತ್ತು ತೋಟದ ಮಾಲೀಕರು ಬರಲಿ. ಸಭೆಗೆ ಮೊದಲು ತಾವಿಬ್ಬರೂ ಒಂದು ಬೆಳಿಗ್ಗೆ ನಮ್ಮೊಂದಿಗೆ ಗುಡ್ಡದ ಬುಡದಿಂದ ಹಳ್ಳದ ತನಕ ನಡೆದು ನೋಡಬೇಕು. ಬಿರುಕು ಬಿಟ್ಟ ಜಾಗಗಳನ್ನು ತೋರಿಸುತ್ತೇವೆ. ಯಾವ ಕೆಲಸ ಆಗುತ್ತದೆ, ಯಾವುದು ಆಗುವುದಿಲ್ಲ, ಯಾಕೆ ಆಗುವುದಿಲ್ಲ ಎಂದು ಬರಹದಲ್ಲಿ ಉತ್ತರ ಕೊಡಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿಗಳು,
ಗ್ರಾಮಸ್ಥರು
(ಸಹಿಗಳನ್ನು ಲಗತ್ತಿಸಿದೆ)

ಪ್ರತಿ: ತಹಶೀಲ್ದಾರರಿಗೆ ಮತ್ತು ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ, ಮಾಹಿತಿ ಮತ್ತು ಕ್ರಮಕ್ಕಾಗಿ.