ಹಳೆಯ ಪಿಕಪ್‌ಗೆ ಬೆಲೆ ಕಟ್ಟುವ ಮುನ್ನ

ಮಾನ್ಯ ಸಂಪಾದಕರೇ,

ಕಾಫಿಗೆ ಒಳ್ಳೆಯ ದರ ಸಿಕ್ಕಿದ ಮೇಲೆ ನಮ್ಮ ಕೊಡಗು ಜಿಲ್ಲೆಯಲ್ಲಿ ಹಳೆಯ ಡೀಸೆಲ್ ಪಿಕಪ್‌ಗಳ ವ್ಯಾಪಾರ ಎಷ್ಟು ಚುರುಕಾಗಿದೆ ಎಂಬುದು ತಮ್ಮ ಪತ್ರಿಕೆಯ ಸಣ್ಣ ಜಾಹೀರಾತುಗಳ ಅಂಕಣವನ್ನು ನೋಡಿದರೇ ತಿಳಿಯುತ್ತದೆ. ಹತ್ತು, ಹನ್ನೆರಡು ವರ್ಷ ದುಡಿದ ಬೊಲೆರೊ ಪಿಕಪ್, ಕ್ಯಾಂಪರ್, ಟಾಟಾ 207ಗಳಿಗೆ ಸಣ್ಣ ಬೆಳೆಗಾರರು ಕೊಯ್ಲಿನ ಹಣ ಕೈಗೆ ಬಂದ ವಾರದಲ್ಲೇ ಮುಂಗಡ ಕೊಟ್ಟು ಬರುತ್ತಾರೆ. ಜಾಹೀರಾತಿನಲ್ಲಿರುವ ಮಾತು ಬಹುತೇಕ ಒಂದೇ: ಎಫ್‌ಸಿ (ಗಾಡಿ ರಸ್ತೆಗೆ ಯೋಗ್ಯ ಎನ್ನುವ ಫಿಟ್‌ನೆಸ್ ಸರ್ಟಿಫಿಕೇಟ್) ಇದೆ, ಇನ್ಶೂರೆನ್ಸ್ ಇದೆ, ಗಾಡಿ ಒಳ್ಳೆಯ ಕಂಡೀಷನ್‌ನಲ್ಲಿದೆ. ಬಹಳ ಕಾಲ ವರ್ಕ್‌ಶಾಪ್ ನಡೆಸಿ ಈಗ ತೋಟ ನೋಡಿಕೊಳ್ಳುತ್ತಿರುವ ನನ್ನ ಅನುಭವದಲ್ಲಿ, ಇವುಗಳಲ್ಲಿ ಮೊದಲೆರಡು ಗಾಡಿಯ ಬೆಲೆಯ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಮೂರನೆಯದನ್ನು ಕೊಳ್ಳುವವರೇ ಕೆಳಗೆ ಮಲಗಿ, ಏರಿನಲ್ಲಿ ಓಡಿಸಿ ನೋಡಿ ತೀರ್ಮಾನಿಸಬೇಕು.

ಹಳದಿ ಬೋರ್ಡಿನ ಸರಕು ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ನವೀಕರಿಸಬೇಕೆಂಬುದು ನಿಯಮ. ಆ ತಪಾಸಣೆಯಲ್ಲಿ ಬ್ರೇಕ್, ಲೈಟು, ಹೊಗೆ, ಸ್ಟೀರಿಂಗ್ ಮುಂತಾದವು ಆ ದಿನ ಸರಿಯಾಗಿವೆಯೇ ಎಂದು ನೋಡುತ್ತಾರೆ. ಕ್ಲಚ್ ಪ್ಲೇಟ್ ಇನ್ನೆಷ್ಟು ತಿಂಗಳು ಬಾಳುತ್ತದೆ, ಎಂಜಿನ್ ಎಷ್ಟು ಆಯಿಲ್ ಕುಡಿಯುತ್ತದೆ ಎಂದು ಹೇಳುವುದು ಅದರ ಕೆಲಸವಲ್ಲ. ಎಫ್‌ಸಿಗೆಂದು ಬಣ್ಣ ಬಳಿದು, ಪ್ರತಿಫಲಕ ಪಟ್ಟಿ ಅಂಟಿಸಿ ತಂದ ಗಾಡಿ ಮರುದಿನದಿಂದಲೇ ಮಿತಿಮೀರಿದ ಶುಂಠಿ ಮೂಟೆ ಹೊತ್ತುಕೊಂಡು ಓಡಾಡುವುದನ್ನು ಎಲ್ಲರೂ ನೋಡಿದ್ದೇವೆ.

ವಿಮೆಯ ಕಾಗದದ ಬಗ್ಗೆ ಇನ್ನೂ ಹೆಚ್ಚಿನ ಗೊಂದಲವಿದೆ. ಪಾಲಿಸಿಯಲ್ಲಿ ಐಡಿವಿ (ವಿಮೆಗಾಗಿ ಘೋಷಿಸಿದ ಗಾಡಿಯ ಮೌಲ್ಯ) ಎಂದು ನಮೂದಾಗಿರುವ ಮೊತ್ತವನ್ನು ತೋರಿಸಿ, ಕಂಪನಿಯೇ ಇಷ್ಟು ಬೆಲೆ ಕಟ್ಟಿದೆ ನೋಡಿ ಎಂದು ಮಾರುವವರು ವಾದಿಸುತ್ತಾರೆ. ವಾಹನಕ್ಕೆ ಐದು ವರ್ಷ ತುಂಬುವವರೆಗೆ ಮಾತ್ರ ಈ ಮೊತ್ತಕ್ಕೆ ನಿಗದಿತ ಸವಕಳಿ ಲೆಕ್ಕವಿದೆ. ನಾಲ್ಕರಿಂದ ಐದು ವರ್ಷದ ನಡುವಿನ ಗಾಡಿಗೆ ಹೊಸ ಬೆಲೆಯಲ್ಲಿ ಶೇ 50ರಷ್ಟು ಕಳೆಯುತ್ತಾರೆ. ಐದು ವರ್ಷ ದಾಟಿದ ಮೇಲೆ ಅದು ವಿಮಾ ಕಂಪನಿ ಮತ್ತು ಮಾಲೀಕರು ಪರಸ್ಪರ ಒಪ್ಪಿಕೊಂಡ ಮೊತ್ತ. ಹತ್ತು ವರ್ಷದ ಪಿಕಪ್‌ನ ಐಡಿವಿ ಮೂರೂವರೆ ಲಕ್ಷ ಎಂದಿದ್ದರೆ, ಅದನ್ನು ಬರೆಯುವ ಮುನ್ನ ಯಾರೋ ಬಾನೆಟ್ ತೆರೆದು ನೋಡಿದ್ದರು ಎಂದು ಭಾವಿಸಬೇಕಾಗಿಲ್ಲ. ಎಷ್ಟೋ ಹಳೆಯ ಗಾಡಿಗಳಿಗೆ ಇರುವುದು ಬರೀ ಥರ್ಡ್ ಪಾರ್ಟಿ ವಿಮೆ, ಅಂದರೆ ಬೇರೆಯವರಿಗಾದ ಹಾನಿಗೆ ಮಾತ್ರ ಪರಿಹಾರ ಕೊಡುವಂಥದ್ದು. ಅದರಲ್ಲಿ ಗಾಡಿಯ ಬೆಲೆಯ ಪ್ರಶ್ನೆಯೇ ಬರುವುದಿಲ್ಲ.

ಹಾಗಾದರೆ ನೋಡಬೇಕಾದ್ದು ಏನು? ನನ್ನ ಅಭಿಪ್ರಾಯದಲ್ಲಿ ಮೊದಲು ಚಾಸಿಸ್ (ಗಾಡಿಯ ಭಾರ ಹೊರುವ ಅಡಿಯ ಕಬ್ಬಿಣದ ಚೌಕಟ್ಟು), ಆಮೇಲೆ ಎಂಜಿನ್. ಕೊಳ್ಳುವವರಲ್ಲಿ ಹೆಚ್ಚಿನವರು ಇದರ ತದ್ವಿರುದ್ಧವಾಗಿ ಎಂಜಿನ್ ಸದ್ದು ಕೇಳಿ ಮನಸೋಲುತ್ತಾರೆ. ಎಂಜಿನ್ ಕೆಟ್ಟರೆ ಖರ್ಚು ಮಾಡಿ ಸರಿಪಡಿಸಬಹುದು. ತುಕ್ಕು ತಿಂದು ಬಿರುಕು ಬಿಟ್ಟ ಚಾಸಿಸ್ ಮೇಲೆ ಹಾಕಿದ ಹಣ ನೀರಿನಲ್ಲಿ ಹೋಮ ಮಾಡಿದಂತೆ. ಕೊಡಗಿನ ಗಾಡಿಗಳಲ್ಲಿ ಇದಕ್ಕೆ ವಿಶೇಷ ಕಾರಣವೂ ಇದೆ. ವರ್ಷದಲ್ಲಿ ನಾಲ್ಕೈದು ತಿಂಗಳು ಅಡಿಭಾಗ ಒಣಗುವುದೇ ಇಲ್ಲ. ಅದರ ಮೇಲೆ ನಾವು ಹೇರುವುದು ರಸಗೊಬ್ಬರ. ಪೊಟ್ಯಾಷ್ ಎಂದು ನಾವು ತೋಟಕ್ಕೆ ಹಾಕುವುದು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಒಂದು ಬಗೆಯ ಉಪ್ಪು. ಮೂಟೆಯಿಂದ ಉದುರಿದ ಪುಡಿ ಹಿಂಬದಿಯ ಬಾಡಿಯ ಸಂದುಗಳಿಗೆ ಇಳಿದು, ಮಳೆನೀರಿನೊಂದಿಗೆ ಸೇರಿ ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತದೆ. ಮಂಗಳೂರು, ಕಣ್ಣೂರು ಕಡೆಯ ಕಡಲ ತೀರದಿಂದ ಬಂದ ಗಾಡಿಗಳಲ್ಲಿ ಇದೇ ಕೆಲಸವನ್ನು ಉಪ್ಪುಗಾಳಿ ಮಾಡಿರುತ್ತದೆ.

ಆದ್ದರಿಂದ ಗಾಡಿಯನ್ನು ಸರ್ವಿಸ್ ಸ್ಟೇಷನ್‌ನ ರ‍್ಯಾಂಪ್‌ಗೆ ಹತ್ತಿಸಿ, ಟಾರ್ಚ್ ಮತ್ತು ಸಣ್ಣ ಸುತ್ತಿಗೆ ಹಿಡಿದು ಕೆಳಗಿನಿಂದ ನೋಡಬೇಕು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಗಟ್ಟಿ ಕಬ್ಬಿಣ ಠಣ್ಣೆನ್ನುತ್ತದೆ. ಟೊಳ್ಳಾದ ಕಡೆ ಸದ್ದು ಮಂಕಾಗಿ ತುಕ್ಕಿನ ಹಳುಕು ಉದುರುತ್ತದೆ. ಕ್ಯಾಬಿನ್ ಮತ್ತು ಬಾಡಿಯ ನಡುವಿನ ಭಾಗ ಹಾಗೂ ಹಿಂದಿನ ಸ್ಪ್ರಿಂಗ್ ಪ್ಲೇಟ್‌ಗಳು ಚಾಸಿಸ್‌ಗೆ ಸೇರುವ ಜಾಗಗಳಲ್ಲಿ ಬಿರುಕು, ಅದರ ಮೇಲೆ ಹಾಕಿದ ವೆಲ್ಡಿಂಗ್, ಹೆಚ್ಚುವರಿ ತಗಡು ಇವೆಯೇ ಎಂದು ಹುಡುಕಬೇಕು. ಅಡಿಭಾಗಕ್ಕೆ ಇತ್ತೀಚೆಗೆ ಕಪ್ಪು ಬಣ್ಣ ದಪ್ಪವಾಗಿ ಬಳಿದಿದ್ದರೆ ಏಕೆಂದು ಕೇಳುವುದರಲ್ಲಿ ತಪ್ಪಿಲ್ಲ. ಚಾಸಿಸ್ ಮೇಲೆ ಕೊರೆದ ಸಂಖ್ಯೆಯನ್ನು ಆರ್‌ಸಿಯೊಂದಿಗೆ ಅಕ್ಷರ ಅಕ್ಷರವಾಗಿ ಹೋಲಿಸುವ ಕೆಲಸವೂ ಅಲ್ಲೇ ಆಗಿಬಿಡಲಿ. ಕಂಪನಿಯಿಂದ ಬಂದ ಸ್ಪ್ರಿಂಗ್ ಪ್ಲೇಟ್‌ಗಳ ಜೊತೆಗೆ ಹೆಚ್ಚುವರಿ ಪ್ಲೇಟ್ ಸೇರಿಸಿದ್ದರೆ, ಆ ಗಾಡಿ ತನ್ನ ಮಿತಿಗಿಂತ ಹೆಚ್ಚು ಭಾರ ಹೊತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಎಂಜಿನ್ ನೋಡಲು ಬೆಳಿಗ್ಗೆ ಹೋಗಬೇಕು, ಅದೂ ಗಾಡಿಯನ್ನು ಮೊದಲೇ ಸ್ಟಾರ್ಟ್ ಮಾಡಿಡಬೇಡಿ ಎಂದು ಹೇಳಿ. ಹೋದೊಡನೆ ಬಾನೆಟ್ ಮೇಲೆ ಕೈಯಿಟ್ಟರೆ ಮಾತು ಉಳಿಸಿದ್ದಾರೆಯೇ ಎಂಬುದು ತಿಳಿಯುತ್ತದೆ. ಮಡಿಕೇರಿಯ ಚಳಿಯಲ್ಲಿ ಹಳೆಯ ಡೀಸೆಲ್ ಎಂಜಿನ್ ಮೊದಲ ಒಂದೆರಡು ನಿಮಿಷ ಬಿಳಿ ಹೊಗೆ ಬಿಡುವುದು ಸಹಜ. ಎಂಜಿನ್ ಕಾದ ಮೇಲೂ ಅದು ನಿಲ್ಲದೆ, ರೇಡಿಯೇಟರ್‌ನಲ್ಲಿ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ತಲೆಭಾಗದ ಸೀಲು) ಹೋಗಿರುವ ಶಂಕೆ ಬಲವಾಗುತ್ತದೆ. ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದರ ಗುರುತು. ಒಂದೇ ಸಮನೆ ಬರುವ ಕಪ್ಪು ಹೊಗೆ ಪಂಪ್, ನಾಝಲ್ ಅಥವಾ ಏರ್ ಫಿಲ್ಟರ್ ಕಡೆಗೆ ಬೆರಳು ತೋರಿಸುತ್ತದೆ. ಬಳಿಕ ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳವನ್ನು ಬಿಚ್ಚಿ ಆ ಬಾಯಿಯ ಮೇಲೆ ಸಡಿಲವಾಗಿ ಇಡಬೇಕು. ಅದು ಸ್ವಲ್ಪ ಅಲುಗಾಡಿದರೆ ಚಿಂತೆಯಿಲ್ಲ. ಕುಣಿದು ಹಾರಿ, ಒಳಗಿನಿಂದ ಭಗಭಗನೆ ಹೊಗೆ ಬಂದರೆ ಮೆಕ್ಯಾನಿಕ್‌ಗಳು ಬ್ಯಾಕ್ ಕಂಪ್ರೆಷನ್ ಎನ್ನುವ ದೋಷ ಅದೇ. ಪಿಸ್ಟನ್ ರಿಂಗ್, ಸಿಲಿಂಡರ್ ಲೈನರ್ ಸವೆದಿವೆ ಎಂದರ್ಥ. ಆ ಗಾಡಿಯನ್ನು ಎಂಜಿನ್ ಕೆಲಸದ ಪೂರ್ಣ ಖರ್ಚು ಕಳೆದೇ ಕೇಳಬೇಕು. ಸದ್ದು ಮತ್ತು ಹೊಗೆಯನ್ನು ಕೆಲವು ದಿನ ಅಡಗಿಸಲು ತೀರಾ ದಪ್ಪ ಆಯಿಲ್ ತುಂಬಿಸಿಡುವವರೂ ಇರುವುದರಿಂದ ಡಿಪ್ ಸ್ಟಿಕ್ ಎಳೆದು ಆಯಿಲ್ಅನ್ನು ಬೆರಳಿನಲ್ಲಿ ಉಜ್ಜಿ ನೋಡುವುದೂ ಒಳ್ಳೆಯದು.

ಇಲ್ಲಿ ವರ್ಷವೂ ಮುಖ್ಯವಾಗುತ್ತದೆ. ದೇಶದಾದ್ಯಂತ 2017ರ ಏಪ್ರಿಲ್ 1ರಿಂದ ಬಿಎಸ್-4, 2020ರ ಏಪ್ರಿಲ್ 1ರಿಂದ ಬಿಎಸ್-6 ಎಂಬ ಹೊಗೆ ನಿಯಂತ್ರಣದ ಮಾನದಂಡಗಳು ಹೊಸ ಗಾಡಿಗಳಿಗೆ ಕಡ್ಡಾಯವಾದವು. ಮೆಕ್ಯಾನಿಕಲ್ ಪಂಪ್ ಇರುವ ಹಳೆಯ ಎಂಜಿನ್ಅನ್ನು ನಾಪೋಕ್ಲು, ಶನಿವಾರಸಂತೆಯಂಥ ಊರಿನ ಯಾವ ಅನುಭವಿ ಮೆಕ್ಯಾನಿಕ್ ಆದರೂ ನಿಭಾಯಿಸುತ್ತಾರೆ. ಈ ಮಾನದಂಡಗಳು ಬಿಗಿಯಾದಂತೆ ಹೆಚ್ಚಾಗಿ ಬಂದ, ಡೀಸೆಲ್ ಸಿಂಪಡಿಕೆಯನ್ನು ಎಲೆಕ್ಟ್ರಾನಿಕ್ ಆಗಿ ನಿಯಂತ್ರಿಸುವ ಕಾಮನ್ ರೈಲ್ ಎಂಜಿನ್ ಆದರೆ ಸ್ಕ್ಯಾನರ್ ಹಾಕಿಸಿ ದೋಷಗಳ ಪಟ್ಟಿ ನೋಡದೆ ಮುಂಗಡ ಕೊಡಬಾರದು; ಅದರ ಇಂಜೆಕ್ಟರ್‌ಗಳು ದುಬಾರಿ.

ಬಯಲು ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬರುವುದು ನಮ್ಮ ಜಿಲ್ಲೆಗೆ ತಕ್ಕ ಪರೀಕ್ಷೆಯಲ್ಲ. ಸಾಧ್ಯವಾದರೆ ಹಿಂದೆ ಕೆಲವು ಮೂಟೆ ಭಾರ ಹಾಕಿ, ಕುಶಾಲನಗರದಿಂದ ಆನೆಕಾಡು, ಸುಂಟಿಕೊಪ್ಪ ದಾಟಿ ಮಡಿಕೇರಿಯ ಕಡೆಗೆ ಏರಿಸಬೇಕು. ಸಂಪಾಜೆ ಘಟ್ಟ ಹತ್ತಿರವಿರುವವರಿಗೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆಯಿಲ್ಲ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಇಳಿಜಾರಿನಲ್ಲಿ ಎರಡನೇ ಗೇರ್‌ನಲ್ಲಿ ಆಕ್ಸಿಲರೇಟರ್‌ನಿಂದ ಕಾಲೆತ್ತಿದಾಗ ಗೇರ್ ತಾನಾಗಿ ನ್ಯೂಟ್ರಲ್‌ಗೆ ಹಾರಿದರೆ, ಘಟ್ಟದಲ್ಲಿ ಅದೆಂಥ ಅಪಾಯ ಎಂದು ನಾನು ವಿವರಿಸಬೇಕಾಗಿಲ್ಲ. ವೇಗ ಹೆಚ್ಚಿದಂತೆ ಹಿಂದಿನಿಂದ ಗುಂಯ್ಗುಡುವ ಸದ್ದು ಹಿಂದಿನ ಆಕ್ಸಲ್‌ನ ಹಲ್ಲುಚಕ್ರಗಳಾದ ಕ್ರೌನ್ ಪಿನಿಯನ್‌ನದು. ಹೊರಡುವಾಗ ಕೇಳುವ ಟಕ್ ಶಬ್ದ ಪ್ರೊಪೆಲ್ಲರ್ ಶಾಫ್ಟ್‌ನ ಜಾಯಿಂಟ್‌ನದಾಗಿರಬಹುದು, ಅದು ಅಗ್ಗದ ಕೆಲಸ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಾದರೆ ಲೋ ಗೇರ್ ಹಾಕಿಸಿ ತೋಟದ ಕೆಸರಿನಲ್ಲೇ ನೋಡಬೇಕು. ಎಷ್ಟೋ ಗಾಡಿಗಳಲ್ಲಿ ಆ ಲಿವರ್ ವರ್ಷಗಟ್ಟಲೆ ಅಲುಗಾಡಿರುವುದಿಲ್ಲ. ಬ್ರೇಕ್‌ಗೆ ಒಂದು ಸುಲಭ ಪರೀಕ್ಷೆಯಿದೆ: ಎಂಜಿನ್ ಆಫ್ ಮಾಡಿ ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ತುಳಿದು, ಕಾಲನ್ನು ಅಲ್ಲೇ ಒತ್ತಿ ಹಿಡಿದು ಸ್ಟಾರ್ಟ್ ಮಾಡಿದರೆ ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ವ್ಯಾಕ್ಯೂಮ್ ಪಂಪ್ ಅಥವಾ ಬೂಸ್ಟರ್ ಸರಿಯಿಲ್ಲ.

2018 ಮತ್ತು 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕುಶಾಲನಗರದ ಬಡಾವಣೆಗಳು ಮುಳುಗಿದ್ದು, 2019ರಲ್ಲಿ ಕರಡಿಗೋಡು, ನೆಲ್ಯಹುದಿಕೇರಿಗಳಲ್ಲಿ ಮನೆಗಳೇ ಹೋದದ್ದು ಎಲ್ಲರಿಗೂ ನೆನಪಿದೆ. ಆಗ ನೀರಿನಲ್ಲಿ ನಿಂತ ಗಾಡಿಗಳು ಇಂದಿಗೂ ಕೈ ಬದಲಾಯಿಸುತ್ತಿರಬಹುದು. ಸೀಟಿನ ಕೆಳಗೆ, ಫ್ಯೂಸ್ ಬಾಕ್ಸ್‌ನ ಹಿಂದೆ, ಹೆಡ್‌ಲೈಟಿನ ಒಳಗೆ ನುಣುಪಾದ ಮಣ್ಣಿನ ಲೇಪವಿದ್ದರೆ, ಡಿಫರೆನ್ಷಿಯಲ್ ಆಯಿಲ್ ಹಾಲು ಬೆರೆತಂತೆ ಕಂಡರೆ ಅನುಮಾನ ಪಡಬೇಕು. ಭಾಗಮಂಡಲದ ಕಡೆ ಪ್ರತಿ ಮಳೆಗಾಲ ರಸ್ತೆಯ ಮೇಲಿನ ನೀರಿನಲ್ಲೇ ಓಡಾಡುವ ಗಾಡಿಗಳಿಗೂ ಈ ಮಾತು ಅನ್ವಯಿಸುತ್ತದೆ.

ಉಳಿದವು ಚಿಕ್ಕ ವಿಷಯಗಳು. ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನು, ಕೊನೆಯೆರಡು ವರ್ಷವನ್ನು ಹೇಳುತ್ತವೆ. 2319 ಎಂದರೆ 2019ರ 23ನೇ ವಾರ. ಮೀಟರ್ ತೋರಿಸುವ ಕಿಲೋಮೀಟರ್‌ಗಿಂತ ಪೆಡಲ್‌ನ ರಬ್ಬರ್ ಮತ್ತು ಸ್ಟೀರಿಂಗ್ ಸವೆತವನ್ನು ನಂಬುವುದು ಮೇಲು.

ಇನ್ನು ಬೆಲೆ. ಮಾರುವವರು ಹೇಳಿದ ಮೊತ್ತದಿಂದ ಚೌಕಾಸಿ ಆರಂಭಿಸುವ ಬದಲು, ಅದೇ ಮಾದರಿಯ, ಅದೇ ವರ್ಷದ, ಸುಸ್ಥಿತಿಯಲ್ಲಿರುವ ಗಾಡಿ ಸುತ್ತಮುತ್ತ ನಿಜವಾಗಿ ಎಷ್ಟಕ್ಕೆ ಮಾರಾಟವಾಯಿತು ಎಂಬಲ್ಲಿಂದ ಲೆಕ್ಕ ಶುರುವಾಗಬೇಕು. ಉದಾಹರಣೆಗೆಂದು ಮಾತ್ರ ಹೇಳುವುದಾದರೆ, ವಿಮೆ ಮತ್ತು ಎಫ್‌ಸಿ ಇನ್ನೂ ಹತ್ತು ತಿಂಗಳು ಉಳಿದಿದ್ದ ಅಂಥ ಗಾಡಿ 4,30,000 ರೂಪಾಯಿಗೆ ಹೋಗಿದೆ ಎಂದಿಟ್ಟುಕೊಳ್ಳೋಣ. ನಾವು ನೋಡಿದ ಗಾಡಿಗೆ ನಾಲ್ಕು ಟೈರ್‌ಗೆ 32,000, ಕ್ಲಚ್‌ಗೆ 15,000, ಸ್ಪ್ರಿಂಗ್ ಕೆಲಸಕ್ಕೆ 10,000, ಮುಂದಿನ ತಿಂಗಳೇ ಬರಲಿರುವ ಎಫ್‌ಸಿ ಕೆಲಸಗಳಿಗೆ 15,000, ವಿಮೆಗೆ 18,000 ಬೇಕೆಂದಾದರೆ ಒಟ್ಟು 90,000 ಆಯಿತು. (7,500 ಕಿಲೋ ಒಳಗಿನ ಸರಕು ವಾಹನದ ಥರ್ಡ್ ಪಾರ್ಟಿ ಕಂತನ್ನು 2022ರ ಅಧಿಸೂಚನೆ 16,049 ರೂಪಾಯಿ ಎಂದು ನಿಗದಿಪಡಿಸಿತ್ತು, ತೆರಿಗೆ ಬೇರೆ.) ಉಳಿದದ್ದು 3,40,000. ಕಣ್ಣಿಗೆ ಬೀಳದ ದೋಷಗಳಿಗೆಂದು ಇನ್ನೊಂದು 20,000 ಬದಿಗಿಟ್ಟರೆ ನಾವು ಕೊಡಬಹುದಾದ ಬೆಲೆ 3,20,000. ಈ ಪಟ್ಟಿಯನ್ನು ಮೆಕ್ಯಾನಿಕ್ ಕೈಯಲ್ಲೇ ಬರೆಸಿಕೊಂಡು ಮಾರುವವರ ಮುಂದಿಟ್ಟರೆ, ಬರೀ ಬಾಯಿಮಾತಿನ ಚೌಕಾಸಿಗಿಂತ ಮರ್ಯಾದೆಯಿಂದ ಮಾತು ಮುಗಿಯುತ್ತದೆ. ಕೊಯ್ಲಿನ ತಿಂಗಳುಗಳಲ್ಲಿ ಎಲ್ಲರಿಗೂ ಗಾಡಿ ಬೇಕಾದ್ದರಿಂದ ಬೆಲೆ ಏರಿರುತ್ತದೆ. ಆತುರವಿಲ್ಲದವರು ಮಳೆಗಾಲದಲ್ಲಿ ಕೊಳ್ಳುವುದು ಲೇಸು. ಸೋರುವ ಕ್ಯಾಬಿನ್ ಕೂಡ ಆಗಲೇ ಕಾಣಿಸುತ್ತದೆ.

ಹಣ ಕೊಟ್ಟು ಕೀಲಿ ತೆಗೆದುಕೊಂಡರೆ ವ್ಯವಹಾರ ಮುಗಿಯಿತು ಎಂದು ತಿಳಿಯುವವರು ಎರಡೂ ಕಡೆ ಇದ್ದಾರೆ. ಮಾಲೀಕತ್ವ ವರ್ಗಾವಣೆಯ ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡು, ಸಾಲವಿದ್ದರೆ ಅದು ತೀರಿದ ಬಗ್ಗೆ ಫಾರ್ಮ್ 35 ಪಡೆದು, ಆರ್‌ಟಿಒದಲ್ಲಿ ಹೆಸರು ಬದಲಾಯಿಸಲೇಬೇಕು. ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಹೇಳುತ್ತದೆ. ದಾಖಲೆಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿರುವುದರಿಂದ, ಹೆಸರು ಬದಲಾಗುವವರೆಗೆ ನಿದ್ದೆಗೆಡಬೇಕಾದವರು ಮಾರಿದವರೇ. ಕೇರಳದ ನೋಂದಣಿಯ ಗಾಡಿಯಾದರೆ ಅಲ್ಲಿಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಇಲ್ಲಿಯ ತೆರಿಗೆ ಎರಡನ್ನೂ ಬೆಲೆಯ ಲೆಕ್ಕಕ್ಕೆ ಸೇರಿಸಬೇಕು.

ಕೊನೆಯದಾಗಿ ನನ್ನದೊಂದು ಕೋರಿಕೆ. ಹಳೆಯ ವಾಹನಕ್ಕೆ ಸಾಲ ಕೊಡುವ ಸಹಕಾರ ಸಂಘಗಳು ಆರ್‌ಸಿ, ವಿಮೆ, ಎಫ್‌ಸಿಯ ಪ್ರತಿಗಳ ಜೊತೆಗೆ, ಮಾರುವವರಿಗೆ ಸಂಬಂಧಪಡದ ಮೆಕ್ಯಾನಿಕ್ ಒಬ್ಬರು ಸಹಿ ಮಾಡಿದ ಒಂದು ಪುಟದ ತಪಾಸಣಾ ವರದಿಯನ್ನೂ ಕೇಳುವಂತಾಗಬೇಕು. ಅದರಲ್ಲಿ ಚಾಸಿಸ್‌ನ ಅಡಿಭಾಗದ ಫೋಟೊ, ಬ್ಯಾಕ್ ಕಂಪ್ರೆಷನ್ ಇದೆಯೋ ಇಲ್ಲವೋ ಎಂಬ ಒಂದು ಸಾಲು ಮತ್ತು ಮೂರು ತಿಂಗಳೊಳಗೆ ಮಾಡಿಸಬೇಕಾದ ಕೆಲಸಗಳ ಅಂದಾಜು ಖರ್ಚು ಇದ್ದರೆ ಸಾಕು. ಸಾಲದ ಮೊತ್ತವನ್ನು ಐಡಿವಿಯ ಬದಲು ಆ ವರದಿಯ ಮೇಲೆ ನಿರ್ಧರಿಸಿದರೆ ಸಂಘಕ್ಕೂ ಸುರಕ್ಷಿತ. ಸಂಘಗಳ ಆಡಳಿತ ಮಂಡಳಿಗಳು ಮುಂದಿನ ಕೊಯ್ಲಿಗೆ ಮೊದಲೇ ಈ ಬಗ್ಗೆ ನಿರ್ಧಾರ ಕೈಗೊಳ್ಳಲಿ ಎಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ,
ಸುಂಟಿಕೊಪ್ಪದ ಓದುಗ