ಭಾನುವಾರ ಬಸ್ಸೇ ಓಡದ ಊರಿಗೆ ನಮ್ಮನ್ನು ಕಳಿಸಿದ್ದರ ಬಗ್ಗೆ ದೂರು

ಶಿವಮೊಗ್ಗ
31 ಅಕ್ಟೋಬರ್ 2025

ಇವರಿಗೆ,
ವ್ಯವಸ್ಥಾಪಕರು,
ವಿದೇಶ ಪ್ರವಾಸ ವಿಭಾಗ,
ಬೆಂಗಳೂರು

ವಿಷಯ: 12 ಅಕ್ಟೋಬರ್ 2025ರ ಚೀವಿತಾ ದಿ ಬಾನ್ಯೊರೇಜೊ ಒಂದು ದಿನದ ಪ್ರವಾಸ – ತಪ್ಪು ಮಾಹಿತಿ, ಹಣ ವಾಪಸ್ ಕೋರಿಕೆ

ಮಾನ್ಯರೇ,

ನೀವು ಮಾಡಿಕೊಟ್ಟ ಯೋಜನೆ ನಂಬಿಕೊಂಡು ನಾವು ನಾಲ್ಕು ಜನ ರೋಮ್‌ನಿಂದ ಚೀವಿತಾ ಎಂಬ ಬೆಟ್ಟದ ಮೇಲಿನ ಹಳೇ ಊರು ನೋಡಲು ಹೋಗಿದ್ದೆವು. ನಾನು, ನನ್ನ ಗಂಡ, 14 ವರ್ಷದ ಮಗ, 71 ವರ್ಷದ ನನ್ನ ಅಮ್ಮ. ಊರೊಳಗೆ ಹೋಗಿ ಬಂದದ್ದು ಇಬ್ಬರು ಮಾತ್ರ. ಯಾರಿಗೋಸ್ಕರ ಈ ಪ್ರವಾಸ ಇಟ್ಟುಕೊಂಡಿದ್ದೆವೋ ಆ ಅಮ್ಮನೇ ಊರ ಬಾಗಿಲು ದಾಟಲಿಲ್ಲ. ಫೋನಿನಲ್ಲಿ ನಿಮ್ಮ ಸಿಬ್ಬಂದಿ ಇದನ್ನು ‘ಚಿಕ್ಕ ಗೊಂದಲ’ ಅಂದರು. ಇದು ಚಿಕ್ಕದಲ್ಲ. ಏನಾಯಿತು ಅಂತ ಪೂರ್ತಿ ಬರೆಯುತ್ತೇನೆ, ದಯವಿಟ್ಟು ಓದಿ.

ಅಮ್ಮನ ಊರು ಮುಳುಗಡೆಯಾದದ್ದು. ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಮುಗಿದಾಗ ಅವರಿಗೆ ಹತ್ತು ವರ್ಷ. ಮನೆ, ತೋಟ, ಓದುತ್ತಿದ್ದ ಶಾಲೆ ಎಲ್ಲ ಶರಾವತಿ ಹಿನ್ನೀರಿನ ಅಡಿಗೆ ಹೋಯಿತು. ಎರಡು ವರ್ಷದ ಹಿಂದೆ ನನ್ನ ಮಗ ಚೀವಿತಾದ ಒಂದು ವಿಡಿಯೊ ತೋರಿಸಿದ. ಕೆಳಗೆ ಜೇಡಿಮಣ್ಣು, ಮೇಲೆ ಟಫ್ ಎಂಬ ಮೆತ್ತನೆಯ ಜ್ವಾಲಾಮುಖಿ ಕಲ್ಲು, ಅದರ ಮೇಲೆ ಊರು. ಮಳೆ ಗಾಳಿಗೆ ಮಣ್ಣು ಕೊಚ್ಚಿಹೋಗುತ್ತಾ ಊರಿನ ಅಂಚು ಶತಮಾನಗಳಿಂದ ಕುಸಿಯುತ್ತಲೇ ಇದೆ. 1695ರ ಭೂಕಂಪದ ನಂತರ ಬಹಳ ಜನ ಪಕ್ಕದ ಬಾನ್ಯೊರೇಜೊಗೆ ಹೋಗಿಬಿಟ್ಟರು. ಈಗ ವರ್ಷಪೂರ್ತಿ ಅಲ್ಲೇ ಇರುವವರು ಹತ್ತು ಹನ್ನೆರಡು ಜನ ಅಂತೆ. ಇಟಲಿಯವರು ಅದನ್ನು ‘ಸಾಯುತ್ತಿರುವ ಊರು’ ಅಂತಲೇ ಕರೆಯುತ್ತಾರೆ. ಅಮ್ಮ ಆ ವಿಡಿಯೊ ಮೂರು ಸಲ ನೋಡಿದರು. "ಇನ್ನೂ ಹೂವಿನ ಕುಂಡ ಇಟ್ಕೊಂಡು ಅಲ್ಲೇ ಇದ್ದಾರಲ್ಲ" ಅಂದರು. ಆಮೇಲೆ ಇಟಲಿಗೆ ಹೋಗುವ ಮಾತು ಬಂದಾಗ ಅವರು ಕೇಳಿದ್ದು ಆ ಒಂದು ಊರು ಮಾತ್ರ. ಇದನ್ನು ಬುಕ್ಕಿಂಗ್ ಮಾಡುವಾಗ ನಿಮ್ಮ ಸಿಬ್ಬಂದಿಗೂ ಹೇಳಿದ್ದೆ.

ಆಗ ನಾನು ಎರಡು ಪ್ರಶ್ನೆ ಕೇಳಿದ್ದೆ. ಎರಡೂ ಆಗಸ್ಟ್ 19ರ ನನ್ನ ಇಮೇಲ್‌ನಲ್ಲಿ ಇವೆ. ಒಂದು, ಅಮ್ಮನಿಗೆ ಮಂಡಿ ನೋವಿದೆ, ಸಮತಟ್ಟು ಜಾಗದಲ್ಲಿ ಅರ್ಧ ಕಿಲೋಮೀಟರ್ ನಡೆಯುತ್ತಾರೆ, ಏರು ಹತ್ತಲು ಆಗುವುದಿಲ್ಲ. ಅಲ್ಲಿ ಎಷ್ಟು ನಡೆಯಬೇಕು? ಇನ್ನೊಂದು, ರೋಮ್‌ನಲ್ಲಿ ಆರು ದಿನ ಇರುತ್ತೇವೆ, ಯಾವ ದಿನ ಹೋದರೆ ಅನುಕೂಲ? ದಿನ ಗೊತ್ತು ಮಾಡುವುದನ್ನು ಪೂರ್ತಿ ನಿಮಗೇ ಬಿಟ್ಟಿದ್ದೆ. ಮರುದಿನ ನಿಮ್ಮ ಉತ್ತರ ಬಂತು. ‘ಬಸ್ಸು ಊರ ಬಾಗಿಲಿಗೇ ಹೋಗುತ್ತದೆ, ಹಿರಿಯರಿಗೆ ಏನೂ ತೊಂದರೆಯಿಲ್ಲ, ಭಾನುವಾರ ಇಟ್ಟುಕೊಳ್ಳಿ, ಟ್ರಾಫಿಕ್ ಕಡಿಮೆ.’ ಅದನ್ನು ನಂಬಿ 38,500 ರೂಪಾಯಿ ಕಟ್ಟಿದೆ. ಅದರಲ್ಲಿ ರೈಲು, ಬಸ್ಸು, ಊರಿನೊಳಗೆ ಊಟಕ್ಕೆ ಜಾಗ ಕಾದಿರಿಸುವುದು ಮತ್ತು ದಿನವಿಡೀ ಫೋನ್ ಸಹಾಯ ಸೇರಿತ್ತು. ನೀವು ಕಳಿಸಿದ ಹಾಳೆಯ ಮೇಲೆ ‘ಹಿರಿಯ ನಾಗರಿಕರಿಗೆ ಸೂಕ್ತ’ ಅಂತ ಹಸಿರು ಬಣ್ಣದಲ್ಲಿ ಬರೆದಿತ್ತು.

ಆ ದಿನ ಬೆಳಿಗ್ಗೆ ರೋಮ್‌ನಿಂದ ಒರ್ವಿಯೇತೊವರೆಗೆ ರೈಲು ಚೆನ್ನಾಗಿಯೇ ಹೋಯಿತು. ಸ್ಟೇಷನ್ ಹೊರಗೆ ನೀವು ಬರೆದಿದ್ದ ಜಾಗದಲ್ಲೇ 9.30ರ ಬಸ್ಸಿಗೆ ಕಾದೆವು. ಹತ್ತು ಗಂಟೆಯಾಯಿತು, ಹತ್ತೂಕಾಲಾಯಿತು. ಬಸ್ಸೂ ಇಲ್ಲ, ನಮ್ಮನ್ನು ಬಿಟ್ಟರೆ ಕಾಯುವವರೂ ಇಲ್ಲ. ಕೊನೆಗೆ ಸ್ಟೇಷನ್‌ನ ಕಾಫಿ ಅಂಗಡಿಯ ಹೆಂಗಸು ಹೊರಗೆ ಬಂದು ಕೈ ಅಲ್ಲಾಡಿಸಿ ಹೇಳಿದರು. ಭಾನುವಾರ ಇಲ್ಲ. ಹಬ್ಬದ ರಜೆ ದಿನವೂ ಇಲ್ಲ. ಒರ್ವಿಯೇತೊದಿಂದ ಬಾನ್ಯೊರೇಜೊಗೆ ಹೋಗುವ ಸರ್ಕಾರಿ ಬಸ್ಸು ಓಡುವುದು ವಾರದ ಉಳಿದ ದಿನ ಮಾತ್ರ. ಇದು ಅವತ್ತಿನ ಮಟ್ಟಿಗೆ ಆದ ಮುಷ್ಕರವಲ್ಲ, ರದ್ದಾದ ಬಸ್ಸೂ ಅಲ್ಲ. ಅಲ್ಲಿನ ವೇಳಾಪಟ್ಟಿಯೇ ಹಾಗಿದೆ. ಅದನ್ನು ನೋಡಿಕೊಳ್ಳಲಿ ಅಂತಲೇ ಅಲ್ವಾ ನಿಮಗೆ ದುಡ್ಡು ಕೊಟ್ಟಿದ್ದು?

ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆವು. ಎರಡು ಸಲ ಯಾರೂ ಎತ್ತಲಿಲ್ಲ. ಮೂರನೇ ಸಲ ಎತ್ತಿದವರು "ಚೆಕ್ ಮಾಡಿ ಹೇಳ್ತೀನಿ ಮೇಡಂ" ಅಂದರು. ಉತ್ತರ ಬಂದದ್ದು ಮಧ್ಯಾಹ್ನ 1.40ಕ್ಕೆ, ಅದೂ ಟ್ಯಾಕ್ಸಿ ಕಂಪನಿಯೊಂದರ ಲಿಂಕ್ ಮಾತ್ರ. ಅಷ್ಟು ಹೊತ್ತಿಗೆ ನಾವೇ ಟ್ಯಾಕ್ಸಿ ಹಿಡಿದಾಗಿತ್ತು. ಹೋಗಲು 60 ಯೂರೋ, ವಾಪಸ್ ಕರೆತರಲು 70. ಒಟ್ಟು 130 ಯೂರೋ, ನಮ್ಮ ದುಡ್ಡಿನಲ್ಲಿ 13 ಸಾವಿರಕ್ಕೂ ಜಾಸ್ತಿ.

ದುಡ್ಡಿಗಿಂತ ನನಗೆ ಬೇಜಾರಾದದ್ದು ಮುಂದಿನ ವಿಷಯಕ್ಕೆ.

ಚೀವಿತಾಗೆ ಯಾವ ಬಸ್ಸೂ ಹೋಗುವುದಿಲ್ಲ. ವಾರದ ದಿನವೂ ಬಸ್ಸು ನಿಲ್ಲುವುದು ಬಾನ್ಯೊರೇಜೊದಲ್ಲಿ. ಅಲ್ಲಿಂದ ಸೇತುವೆಗೇ ಇನ್ನೂ ಒಂದೂವರೆ ಎರಡು ಕಿಲೋಮೀಟರ್. ಆಮೇಲೆ ಆ ಸೇತುವೆ. ಸುಮಾರು 300 ಮೀಟರ್ ಉದ್ದ, ನಡೆದು ಹೋಗುವವರಿಗೆ ಮಾತ್ರ. ಕೊನೆಗೆ ಬರುತ್ತಾ ಏರು ಕಡಿದಾಗುತ್ತದೆ. ಊರಿಗೆ ಇರುವುದು ಅದೊಂದೇ ದಾರಿ. ಅದನ್ನು ಕಟ್ಟಿದ್ದು 1965ರಲ್ಲಿ. ಅರವತ್ತು ವರ್ಷದಿಂದ ಅಲ್ಲಿಗೆ ಹೋದವರೆಲ್ಲ ಅದನ್ನು ಹತ್ತಿಯೇ ಹೋಗಿದ್ದಾರೆ. ಆ ಊರಿನ ಯಾವ ಫೋಟೊ ನೋಡಿದರೂ ಮೊದಲು ಕಣ್ಣಿಗೆ ಬೀಳುವುದು ಅದೇ. ನಿಮ್ಮ ಹಾಳೆಯ ಮೇಲ್ಗಡೆ ಹಾಕಿದ್ದ ಫೋಟೊದಲ್ಲೂ ಅದೇ ಸೇತುವೆ ಇತ್ತು. ವಿಡಿಯೊದಲ್ಲಿ ನಾನೂ ನೋಡಿದ್ದೆ. ಅದಕ್ಕೇ ನಿಮ್ಮನ್ನು ಬಿಡಿಸಿ ಕೇಳಿದ್ದು. ‘ಬಾಗಿಲಿಗೇ ಹೋಗುತ್ತದೆ’ ಅಂತ ನೀವು ಬರೆದಾಗ, ಹಿಂದುಗಡೆ ಬೇರೆ ದಾರಿ ಇರಬೇಕು ಅಂದುಕೊಂಡೆ. ಇಲ್ಲ. ಸುತ್ತಲೂ ಕಂದಕ.

ಟಿಕೆಟ್ಟಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ‘ಪ್ರವೇಶ ಉಚಿತ’ ಅಂತ ಬರೆದಿದ್ದಿರಿ. ಆ ಊರು 2013ರಿಂದ ಟಿಕೆಟ್ ಇಟ್ಟಿದೆ. ಆಗ ಒಂದೂವರೆ ಯೂರೋ ಇತ್ತು, ಈಗ 5. ಸೇತುವೆಗೆ ಕಾಲಿಡುವ ಮೊದಲೇ ತಗೊಳ್ಳಬೇಕು. ಕೊಡಲು ನಮಗೇನೂ ಬೇಸರವಿಲ್ಲ. ಆದರೆ ಇಷ್ಟನ್ನೂ ನೀವು ನೋಡಿರಲಿಲ್ಲ.

ನಾಲ್ಕು ಟಿಕೆಟ್ ತಗೊಂಡು ಹೊರಟೆವು. ಅಮ್ಮ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈ ನನ್ನ ಭುಜದ ಮೇಲಿಟ್ಟು ನಡೆದರು. ಅರ್ಧದವರೆಗೆ ಬಂದರು. ಗಾಳಿ ಜೋರಾಗಿತ್ತು. ಏರು ಶುರುವಾಗುವ ಕಡೆ ನಿಂತು ಮೇಲೆ ನೋಡಿದರು. "ನನ್ನ ಕೈಲಿ ಆಗಲ್ಲ ಕಣೇ. ನೀವು ಹೋಗಿ ಬನ್ನಿ" ಅಂದರು. ಅವರನ್ನು ನಿಧಾನಕ್ಕೆ ಇಳಿಸಿಕೊಂಡು ಬಂದು ಸೇತುವೆಯ ಬುಡದಲ್ಲಿ ಒಂದು ಕಟ್ಟೆಯ ಮೇಲೆ ಕೂರಿಸಿದೆ. ನಾನೂ ಅಲ್ಲೇ ಉಳಿದೆ. ಬೆನ್ನ ಮೇಲೆ ಹೊತ್ತುಕೊಂಡು ಹೋಗುತ್ತೇನೆ ಅಂತ ನನ್ನ ಗಂಡ ಹೇಳಿದರು, ಅಮ್ಮ ಒಪ್ಪಲಿಲ್ಲ. ನಮ್ಮ ಶ್ರವಣಬೆಳಗೊಳದಲ್ಲಿ ಹತ್ತಲಾಗದವರಿಗೆ ಡೋಲಿ ಸಿಗುತ್ತದೆ. ಇಲ್ಲಿ ಅಂಥದ್ದು ನಮ್ಮ ಕಣ್ಣಿಗೆ ಬೀಳಲಿಲ್ಲ, ನಿಮ್ಮ ಸಹಾಯವಾಣಿ ಎತ್ತಿದ್ದರೆ ಕೇಳಬಹುದಿತ್ತು.

ಮಗ ಮೇಲಿನಿಂದ ವಿಡಿಯೊ ಕಾಲ್ ಮಾಡಿದ. ಬಂಡೆ ಕೊರೆದು ಮಾಡಿದ ಊರ ಬಾಗಿಲು ತೋರಿಸಿದ. ಸಾನ್ ದೊನಾತೊ ಚರ್ಚಿನ ಮುಂದಿನ ಅಂಗಳ ತೋರಿಸಿದ. ಒಂದು ಮನೆಯ ಮೆಟ್ಟಿಲಿನ ಮೇಲೆ ಸಾಲಾಗಿ ಇಟ್ಟ ಹೂವಿನ ಕುಂಡಗಳನ್ನು ಹತ್ತಿರ ಹೋಗಿ ತೋರಿಸಿದ. ಅಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಿದ್ದರು. ಬೆಂಗಳೂರಿನಿಂದ ರೋಮ್ ಸುಮಾರು ಏಳು ಸಾವಿರ ಕಿಲೋಮೀಟರ್. ಅಷ್ಟು ದೂರ ಬಂದು, ಊರಿನಿಂದ 300 ಮೀಟರ್ ಆಚೆ ಕೂತು, ಅವರು ಅದನ್ನು ಮತ್ತೆ ವಿಡಿಯೊದಲ್ಲೇ ನೋಡಿದರು. ಊಟಕ್ಕೆ ನೀವು ಕಾದಿರಿಸಿದ್ದ ಜಾಗವೂ ಊರೊಳಗೇ ಇತ್ತು. ನಾನೂ ಅಮ್ಮನೂ ಚೀಲದಲ್ಲಿದ್ದ ಖಾರ ಅವಲಕ್ಕಿ, ಬಾಳೆಹಣ್ಣು ತಿಂದೆವು.

ಅವರು ನಿಮ್ಮನ್ನು ಬೈಯಲಿಲ್ಲ. "ನನ್ನಿಂದ ನಿಮ್ಮ ದಿನ ಹಾಳಾಯ್ತು" ಅಂದರು. ತಮ್ಮ ಮಂಡಿಯದ್ದೇ ತಪ್ಪು ಎನ್ನುವ ಹಾಗೆ. ಇದು ನನಗೆ ಇವತ್ತಿಗೂ ಚುಚ್ಚುತ್ತಿದೆ. ತಪ್ಪು ಅವರದ್ದಲ್ಲ. ಅಲ್ಲಿ ನಡೆಯಬೇಕೇ ಅಂತ ನಾವು ಮೊದಲೇ ಕೇಳಿದ್ದೆವು. ‘ಹೌದು, ಕಷ್ಟ’ ಅಂತ ನೀವು ಹೇಳಿದ್ದರೆ ಅಮ್ಮ ಒಪ್ಪಿಕೊಳ್ಳುತ್ತಿದ್ದರು. ಮನಸ್ಸು ಮೊದಲೇ ತಯಾರಾಗಿರುತ್ತಿತ್ತು.

ನಿಜವಾಗಿ ಗೊತ್ತಿದ್ದವರು ಆ ದಿನವನ್ನು ಬೇರೆ ರೀತಿ ಯೋಚಿಸಬಹುದಿತ್ತು. ಬುಧವಾರವೋ ಗುರುವಾರವೋ ಇಟ್ಟಿದ್ದರೆ ಬಸ್ಸು ಇರುತ್ತಿತ್ತು, ನನ್ನ ಗಂಡ ಮತ್ತು ಮಗ ಚೀವಿತಾಗೆ ಹೋಗಿಬರುತ್ತಿದ್ದರು. ಅಮ್ಮನಿಗೆ ಒರ್ವಿಯೇತೊವೇ ಸಾಕಿತ್ತು. ಅದೂ ಟಫ್ ಬಂಡೆಯ ಮೇಲೆ ಕೂತ ಹಳೇ ಊರು. ಸ್ಟೇಷನ್ ಎದುರಿನಿಂದಲೇ ಹಳಿಯ ಮೇಲೆ ಎಳೆದುಕೊಂಡು ಹೋಗುವ ಗಾಡಿ ಬೆಟ್ಟದ ಮೇಲಕ್ಕೆ ಬಿಡುತ್ತದೆ, ಅಲ್ಲಿಂದ ದೊಡ್ಡ ಚರ್ಚಿನವರೆಗೆ ಚಿಕ್ಕ ಬಸ್ಸು ಸಿಗುತ್ತದೆ. ಸಂಜೆ ವಾಪಸ್ ಬರುವಾಗ ನಾವೇ ಇದನ್ನು ಕಂಡುಕೊಂಡೆವು. 1290ರಲ್ಲಿ ಕಟ್ಟಲು ಶುರುಮಾಡಿದ ಆ ಚರ್ಚಿನ ಮುಂದೆ ಅಮ್ಮ ಅರ್ಧ ಗಂಟೆ ಕೂತರು. ಬಿಸಿಲು ಬಿದ್ದು ಮುಂದಿನ ಗೋಡೆಯ ಚಿತ್ರಗಳೆಲ್ಲ ಚಿನ್ನದ ಬಣ್ಣಕ್ಕೆ ಹೊಳೆಯುತ್ತಿದ್ದವು. "ಇಡೀ ದಿನ ಇಲ್ಲೇ ಇರಬಹುದಿತ್ತಲ್ಲೇ" ಅಂದರು. ಅಷ್ಟರಲ್ಲಿ ರೈಲಿಗೆ ಹೊತ್ತಾಗಿತ್ತು.

ಒರ್ವಿಯೇತೊದಲ್ಲಿ ನೀವು ಅಮ್ಮನಿಗೆ ಇಟ್ಟಿದ್ದ ಕಾರ್ಯಕ್ರಮ ಏನು ಗೊತ್ತೇ? ಸಂತ ಪ್ಯಾಟ್ರಿಕ್ ಬಾವಿ, 30 ನಿಮಿಷ. 1527ರಲ್ಲಿ ರೋಮ್ ಲೂಟಿಯಾದಾಗ ಒರ್ವಿಯೇತೊಗೆ ಓಡಿಬಂದ ಪೋಪ್ ಏಳನೇ ಕ್ಲೆಮೆಂಟ್ ತೋಡಿಸಿದ ಬಾವಿ ಅದು. ಐವತ್ತು ಮೀಟರಿಗೂ ಜಾಸ್ತಿ ಆಳ. ನೀರು ಹೊರುವ ಹೇಸರಗತ್ತೆಗಳು ಎದುರುಬದುರಾಗದ ಹಾಗೆ ಇಳಿಯಲು ಒಂದು, ಹತ್ತಲು ಇನ್ನೊಂದು ಸುತ್ತು ಮೆಟ್ಟಿಲು. ಒಂದೊಂದರಲ್ಲೂ 248 ಮೆಟ್ಟಿಲು. ಬಹಳ ಚೆನ್ನಾಗಿದೆ ಅಂತ ಕೇಳಿದ್ದೇನೆ. ಆದರೆ ಮಂಡಿ ನೋವಿನ ಹಿರಿಯರಿಗೆ ಇಂಥ ಬಾವಿ ಇಳಿಯುವುದನ್ನು ‘ಸೂಕ್ತ’ ಅಂತ ಯಾರು ತೀರ್ಮಾನ ಮಾಡಿದರು? ಆ ಹಾಳೆ ತಯಾರು ಮಾಡಿದವರು ನನ್ನ ಇಮೇಲ್ ಓದಿಲ್ಲ ಎನ್ನಲು ನನಗೆ ಇದೊಂದೇ ಸಾಕು.

ದೀಪಾವಳಿ ಮುಗಿಸಿ 24ರಂದು ನಿಮ್ಮ ಕಚೇರಿಗೆ ಫೋನ್ ಮಾಡಿದೆ. ‘ಯೋಜನೆ ಸೂಚನೆಗೆ ಮಾತ್ರ, ಬದಲಾಗಬಹುದು ಅಂತ ಷರತ್ತಿನಲ್ಲಿ ಇದೆ’ ಅಂದರು. ಮುಂದಿನ ಪ್ರವಾಸಕ್ಕೆ 2,000 ರೂಪಾಯಿಯ ಕೂಪನ್ ಕೊಡುತ್ತೇವೆ ಅಂದರು. ಅದು ನನಗೆ ಬೇಡ. ಆ ದಿನ ಏನೂ ಬದಲಾಗಿರಲಿಲ್ಲ. ಭಾನುವಾರ ಬಸ್ಸು ಮೊದಲಿಂದಲೂ ಇರಲಿಲ್ಲ, ಸೇತುವೆ ಮೊದಲಿಂದಲೂ ಇತ್ತು. ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಬರೆದುಕೊಟ್ಟು ದುಡ್ಡು ತಗೊಂಡದ್ದಕ್ಕೆ ಆ ಷರತ್ತು ಉತ್ತರವಾಗುವುದಿಲ್ಲ.

ನನ್ನ ಕೋರಿಕೆ ಇಷ್ಟು. ಯೋಜನೆಗೆ ಕಟ್ಟಿದ 38,500 ರೂಪಾಯಿಯಲ್ಲಿ ನಾವು ಬಳಸಿದ ರೈಲು ಟಿಕೆಟ್ಟಿನ ಹಣ ಹಿಡಿದುಕೊಂಡು ಉಳಿದದ್ದನ್ನು ವಾಪಸ್ ಕೊಡಿ. ಟ್ಯಾಕ್ಸಿಯ 130 ಯೂರೋ, ಪ್ರವೇಶದ 20 ಯೂರೋ ಕೊಡಿ. ಅಮ್ಮನ ಹೆಸರಿಗೆ ಒಂದು ಪತ್ರ ಬರೆಯಿರಿ, ಕನ್ನಡದಲ್ಲಿ. ತಪ್ಪು ಅವರದ್ದಲ್ಲ, ನಮ್ಮದು ಅಂತ ಅದರಲ್ಲಿ ಸ್ಪಷ್ಟವಾಗಿ ಇರಲಿ. ನನಗೆ ಹಣಕ್ಕಿಂತ ಅದು ಮುಖ್ಯ. ಮತ್ತೆ ಆ ಹಾಳೆಯನ್ನು ಇವತ್ತೇ ತಿದ್ದಿ. ಕಳೆದ ವಾರ ನೋಡಿದಾಗಲೂ ‘ಹಿರಿಯ ನಾಗರಿಕರಿಗೆ ಸೂಕ್ತ’ ಅಂತಲೇ ಇತ್ತು. ಡಿಸೆಂಬರ್ ರಜೆಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಈಗ ಅದನ್ನು ನೋಡಿ ದುಡ್ಡು ಕಟ್ಟುತ್ತಿರುತ್ತಾರೆ. ಭಾನುವಾರ ಬಸ್ಸಿಲ್ಲ, ಬಸ್ಸು ನಿಲ್ಲುವ ಕಡೆಯಿಂದ ಇಷ್ಟು ದೂರ ನಡಿಗೆ, ಸೇತುವೆ ಏರು, ಟಿಕೆಟ್ 5 ಯೂರೋ, ಬಾವಿಗೆ ಇಷ್ಟು ಮೆಟ್ಟಿಲು ಅಂತ ನಾಲ್ಕು ಸಾಲು ಸೇರಿಸಿದರೆ ಸಾಕು.

ಈ ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಕೊಡಿ. ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಅಲ್ಲೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೇವಾ ಲೋಪ ಅಂತ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ನಾನಿರುವ ಶಿವಮೊಗ್ಗದಲ್ಲೇ ದೂರು ಹಾಕಲು ಆ ಕಾಯ್ದೆಯಲ್ಲಿ ಅವಕಾಶವಿದೆ. ಹಾಗೆ ಮಾಡುವ ಇಷ್ಟ ನನಗಿಲ್ಲ, ಆದರೆ ಮಾಡುತ್ತೇನೆ.

ನಿಮ್ಮ ರಸೀದಿ, ಆಗಸ್ಟ್ 19 ಮತ್ತು 20ರ ಇಮೇಲ್‌ಗಳು, ಯೋಜನೆಯ ಹಾಳೆ, ಟ್ಯಾಕ್ಸಿಯ ಎರಡು ಚೀಟಿ, ಸೇತುವೆಯ ನಾಲ್ಕು ಟಿಕೆಟ್ಟು, ನಮ್ಮ ಫೋನ್ ಕರೆಗಳ ಸಮಯ ತೋರಿಸುವ ಪಟ್ಟಿ – ಎಲ್ಲದರ ನಕಲು ಇದರ ಜತೆ ಇಟ್ಟಿದ್ದೇನೆ. ಅಮ್ಮನಿಗೆ ಬರೆಯುವ ಪತ್ರವನ್ನು ನನ್ನ ವಿಳಾಸಕ್ಕೆ ಕಳಿಸಿ. ಸಾಗರಕ್ಕೆ ಹೋದಾಗ ನಾನೇ ಅವರ ಕೈಗೆ ಕೊಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ